ಪ್ರಮಾಣ ಪುಸ್ತಕದ ಮೂರು ಪುಟಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಪುರಸಭೆಯ ಅಧ್ಯಕ್ಷರು ಠಾಣೆಯ ಮೆಟ್ಟಿಲು ಹತ್ತಿದರು. ಅವರು ತಾವಾಗಿ ಠಾಣೆಗೆ ಬರುವವರಲ್ಲ. ಏನಿದ್ದರೂ ಫೋನಿನಲ್ಲೇ ಮುಗಿಸುವವರು. ಹಾಗಾಗಿ ಅವರು ಏದುಸಿರು ಬಿಡುತ್ತ ಕುರ್ಚಿ ಎಳೆದು ಕೂತದ್ದನ್ನು ನೋಡಿ ಇನ್ಸ್‌ಪೆಕ್ಟರ್ ಮೇಡಂ ಕೈಯಲ್ಲಿದ್ದ ಕಡತ ಮುಚ್ಚಿಟ್ಟರು.

"ಪ್ರಮಾಣ ಪುಸ್ತಕ ಕಳುವಾಗಿದೆ ಮೇಡಂ."

"ಯಾವ ಪುಸ್ತಕ?"

"ಮೆಂಬರ್‌ಗಳು ಪ್ರಮಾಣವಚನ ಬರೆದಿರ್ತಾರಲ್ಲ, ಅದು."

ಆ ಪುರಸಭೆಯಲ್ಲಿ ಒಂದು ಪದ್ಧತಿಯಿತ್ತು. ಗೆದ್ದ ಸದಸ್ಯರು ಪ್ರಮಾಣವಚನವನ್ನು ಬಾಯಲ್ಲಿ ಹೇಳಿದರೆ ಸಾಲದು, ದಪ್ಪ ರಟ್ಟಿನ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಹಿಂದೆ ಯಾರೋ ಸದಸ್ಯರು 'ಅವತ್ತು ಏನು ಹೇಳಿದೆನೋ ನೆನಪಿಲ್ಲ' ಎಂದು ಕೈ ತೊಳೆದುಕೊಂಡಿದ್ದರಂತೆ. ಆಮೇಲೆ ಈ ಏರ್ಪಾಡು ಬಂತು. ಈಗಿನ ಪುರಸಭೆಯಲ್ಲಿ ಹನ್ನೊಂದು ಜನ ಸದಸ್ಯರು, ಹನ್ನೊಂದು ಪುಟ. ವಾರ್ಡಿನ ಸಂಖ್ಯೆಯೇ ಪುಟದ ಸಂಖ್ಯೆ.

"ಕೊನೇ ಸಲ ಯಾವಾಗ ನೋಡಿದ್ರಿ?"

"ಬರೆದ ದಿನ. ಎರಡು ವರ್ಷ ಆಯ್ತು."

"ಆಮೇಲೆ?"

"ಆಮೇಲೆ ಯಾಕೆ ನೋಡ್ತೀವಿ?" ಎಂದರು ಅಧ್ಯಕ್ಷರು, ನಿಜವಾಗಿಯೂ ಅರ್ಥವಾಗದವರಂತೆ.

ಪುಸ್ತಕ ಇಲ್ಲವೆಂದು ಬರೆದುಕೊಟ್ಟವರು ದಾಖಲೆ ಕೋಣೆಯ ಗುಮಾಸ್ತರು. ವರ್ಷಕ್ಕೊಮ್ಮೆ ಮಾಡುವ ಎಣಿಕೆಯಲ್ಲಿ ಅದು ಸಿಕ್ಕಿರಲಿಲ್ಲ. ಶುಕ್ರವಾರ ಸಾಮಾನ್ಯ ಸಭೆ. ಎದುರು ಗುಂಪಿನವರು ಎದ್ದು ನಿಂತು 'ಪ್ರಮಾಣದ ದಾಖಲೆಯೇ ಇಲ್ಲ, ನೀವು ಸದಸ್ಯರೇ ಅಲ್ಲ' ಎಂದರೆ ಏನು ಗತಿ ಎಂಬುದು ಅಧ್ಯಕ್ಷರ ಭಯ.

"ಅನುಮಾನ ಯಾರ ಮೇಲೆ?"

"ಬೇರೆ ಯಾರು? ಕೀಲಿ ಗೊಂಚಲು ಅಟೆಂಡರ್ ಹೆಂಗಸಿನ ಹತ್ರ ಇರೋದು. ಶುಕ್ರವಾರದ ಒಳಗೆ ಅವಳನ್ನ ಒಳಗೆ ಹಾಕಿ. ಮೇಲಿನವರಿಗೂ ಹೇಳಿದ್ದೀನಿ."

ಮೇಲಿನವರ ಹೆಸರು ಬಂದ ಕೂಡಲೇ ಎದ್ದು ನಿಲ್ಲುವ ಅಭ್ಯಾಸ ಮೇಡಂಗೆ ಇರಲಿಲ್ಲ. ಅದರಿಂದಲೇ ಹದಿನಾಲ್ಕು ವರ್ಷದಲ್ಲಿ ಒಂಬತ್ತು ಊರು ಕಂಡಿದ್ದರು. ದೂರನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡರು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಸರ್ಕಾರಿ ದಾಖಲೆ ಕಳವಿನ ಎಫ್‌ಐಆರ್ ದಾಖಲಾಯಿತು.

ಸ್ಥಳ ಪರಿಶೀಲನೆಗೆ ಅವರ ಜೊತೆ ಹೊರಟವರು ಹೆಡ್ ಕಾನ್‌ಸ್ಟೇಬಲ್ 'ಟೇಪಣ್ಣ'. ಸದಾ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡಿರುವುದರಿಂದ ಠಾಣೆಯವರು ಇಟ್ಟ ಹೆಸರು. ಸೈಕಲ್ ಕಳುವಾದರೂ ಅದು ನಿಂತಿದ್ದ ಗೋಡೆಯ ಉದ್ದಗಲ ಬರೆಯದೆ ಅವರಿಗೆ ಸಮಾಧಾನವಿಲ್ಲ. ಅವರ ಪಂಚನಾಮೆ ಎಂದರೆ ಪಂಚರಾಗಿ ಬಂದ ಸಾಕ್ಷಿಗಳು ಗಡಿಯಾರ ನೋಡತೊಡಗುತ್ತಿದ್ದರು.

ದಾಖಲೆ ಕೋಣೆಯಲ್ಲಿ ಆರು ಕಬ್ಬಿಣದ ಬೀರು, ಒಂದು ಮೇಜು, ಮೇಲೆ ತಿರುಗುವ ಫ್ಯಾನು. ಯಾವ ಬೀಗವೂ ಒಡೆದಿರಲಿಲ್ಲ. ಎಲ್ಲರೂ 'ಕೀಲಿಯಕ್ಕ' ಎಂದು ಕರೆಯುವ ಅಟೆಂಡರ್ ಬಾಗಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು. ಹನ್ನೆರಡು ವರ್ಷವಾದರೂ ಕಾಯಂ ಆಗದ ಕೆಲಸ. ಒಂದು ಕೇಸು ಬಿದ್ದರೆ ಮನೆ ದಾರಿ ಹಿಡಿಯಬೇಕು.

"ಬೀರುವಿನ ಕೀಲಿ ಯಾರಿಗೆ ಕೊಡ್ತೀರಿ?"

"ಯಾರು ಕೇಳಿದ್ರೂ ಕೊಡ್ತೀನಿ ಮೇಡಂ. ಕೊಡದೇ ಇದ್ರೆ ಬೈತಾರೆ. ಕೊಟ್ರೆ ಹೀಗಾಗತ್ತೆ."

"ಪುಸ್ತಕ ನೀವು ನೋಡಿದ್ದೀರಾ?"

"ಧೂಳು ಹೊಡೆದಿದ್ದೀನಿ. ಓದೋಕೆ ನಂಗೇನು ಹಕ್ಕಿದೆ?"

ಗುಮಾಸ್ತರು ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. ಮೂವತ್ತೊಂದು ವರ್ಷದ ಸೇವೆ, ನಿವೃತ್ತಿಗೆ ಎರಡು ತಿಂಗಳು ಬಾಕಿ. ಸದಸ್ಯರಿಗೆ ಪ್ರಮಾಣವಚನವನ್ನು ಸಾಲುಸಾಲಾಗಿ ಓದಿ ಹೇಳಿ ಬರೆಸುತ್ತಿದ್ದವರೂ ಅವರೇ. ಕೇಳಿದ್ದಕ್ಕೆಲ್ಲ ತಾರೀಖಿನ ಸಮೇತ ಉತ್ತರ ಕೊಟ್ಟರು. ಕೊನೆಗೆ, "ಕೀಲಿಯಕ್ಕ ಅಂಥವರಲ್ಲ ಮೇಡಂ," ಎಂದರು, ಯಾರೂ ಕೇಳದಿದ್ದರೂ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಠಾಣೆಗೆ ಫೋನು ಬಂತು. ಐದನೇ ವಾರ್ಡಿನ ಬೀದಿ ನಲ್ಲಿಯ ಕಂಬಕ್ಕೆ ಯಾರೋ ಒಂದು ಹಾಳೆ ಅಂಟಿಸಿದ್ದಾರೆ.

ಅದು ಪ್ರಮಾಣ ಪುಸ್ತಕದ ಐದನೇ ಪುಟ. ಅಂಚನ್ನು ಅಡಿಪಟ್ಟಿಯಿಟ್ಟು ಬ್ಲೇಡಿನಿಂದ ಕೊಯ್ದು, ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಲಾಗಿತ್ತು. ಸದಸ್ಯರ ಗುಂಡು ಅಕ್ಷರದಲ್ಲಿ 'ಸಂವಿಧಾನಕ್ಕೆ ನಿಷ್ಠನಾಗಿ, ಭಯವಿಲ್ಲದೆ, ಪಕ್ಷಪಾತವಿಲ್ಲದೆ, ನನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡುತ್ತೇನೆ' ಎಂದಿತ್ತು. ಟೇಪಣ್ಣ ಕಾಲು ಮಡಚಿ ಕೂತು ಬರೆಯತೊಡಗಿದರು: 'ಕಂಬದ ಎತ್ತರ ನಾಲ್ಕು ಅಡಿ ಎರಡು ಇಂಚು. ನಲ್ಲಿಯ ಬಾಯಲ್ಲಿ ಜೇಡರ ಬಲೆ. ಪಂಚರ ಸಮಕ್ಷಮ ನಲ್ಲಿ ತಿರುಗಿಸಲಾಗಿ ನೀರು ಬರಲಿಲ್ಲ. ಹದಿನೆಂಟು ತಿಂಗಳಿಂದ ಬಂದಿಲ್ಲವೆಂದು ಪಂಚರು ತಿಳಿಸಿದರು.'

"ಕಳ್ಳತನದ ಮಾಲಿಗೆ ಇಷ್ಟು ಜೋಪಾನ ಮಾಡೋ ಕಳ್ಳನ್ನ ನಾನು ನೋಡಿಲ್ಲ," ಎಂದರು ಮೇಡಂ.

ಬುಧವಾರ ಎರಡನೇ ಪುಟ ಸಿಕ್ಕಿತು. ಎರಡನೇ ವಾರ್ಡಿನ ದೊಡ್ಡ ಚರಂಡಿಗೆ ಕಟ್ಟಲು ಶುರುಮಾಡಿ ಅರ್ಧಕ್ಕೆ ಬಿಟ್ಟ ಕಾಲುಸೇತುವೆಯ ಮೇಲೆ. ದಾಖಲೆಯಲ್ಲಿ ಆ ಸೇತುವೆ ಹೋದ ವರ್ಷವೇ ಮುಗಿದಿತ್ತು. ಟೇಪಣ್ಣ ತುಕ್ಕು ಹಿಡಿದ ಕಂಬಿಗಳನ್ನು ಎಣಿಸಿದರು, ಇಪ್ಪತ್ತೆರಡು. ದಾಟಲು ಹಾಕಿದ್ದ ಹಲಗೆಯ ಅಗಲ ಅಳೆದರು, ಒಂಬತ್ತು ಇಂಚು. ಪಂಚರಾಗಿ ಸಹಿ ಹಾಕಲು ಬೀದಿಯವರು ನಾ ಮುಂದು ತಾ ಮುಂದು ಎಂದು ನಿಂತಿದ್ದರು. ಠಾಣೆಯ ಚರಿತ್ರೆಯಲ್ಲಿ ಇದು ಮೊದಲು.

ಸಹಿ ಹಾಕಿ ಪೆನ್ನು ಹಿಂದಿರುಗಿಸುತ್ತ ಮೂಲೆಯಂಗಡಿಯ ದರ್ಜಿ ನಕ್ಕ. "ಮೂರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಕೈ ಸೋತುಹೋಯ್ತು ಮೇಡಂ. ಒಬ್ಬ ಬಂದು ಅಳತೆ ಮಾಡ್ಲಿಲ್ಲ. ಒಂದು ಹಾಳೆ ಅಂಟಿಸಿದ್ದಕ್ಕೆ ನೀವೇ ಬಂದು ಕಂಬಿ ಎಣಿಸ್ತಾ ಇದ್ದೀರಲ್ಲ!"

ಮೇಡಂ ನಗಲಿಲ್ಲ. ಜೀಪಿನಲ್ಲಿ ಕೂತ ಮೇಲೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಗುರುವಾರ ಮೂರನೇ ಸರದಿ ಏಳನೇ ವಾರ್ಡಿನದು. ಅದು ಅಧ್ಯಕ್ಷರದೇ ವಾರ್ಡು. ಹಾಳೆ ಆರೋಗ್ಯ ಉಪಕೇಂದ್ರದ ಬಾಗಿಲ ಮೇಲಿತ್ತು. ಟೇಪಣ್ಣ ಬರೆದರು: 'ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಕಣ್ಣಿನಲ್ಲಿ ಮಣ್ಣು. ಕಿಟಕಿಯಿಂದ ನೋಡಲಾಗಿ ಒಂದು ಮಂಚ, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಉದ್ಘಾಟನೆಯ ರಿಬ್ಬನ್ನಿನ ತುಂಡು ಚಿಲಕದಲ್ಲಿದೆ.'

ಮಧ್ಯಾಹ್ನ ಮೂರಕ್ಕೆ ಅಧ್ಯಕ್ಷರು ಮತ್ತೆ ಬಂದರು. ಈ ಸಲ ಮುಖದ ಬಣ್ಣವೇ ಬೇರೆಯಿತ್ತು.

"ಹೇಗೂ ಪುಟಗಳು ಸಿಗ್ತಾ ಇವೆ. ಕೇಸು ಮುಚ್ಚಿಬಿಡಿ ಮೇಡಂ. ನಾನು ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ ಸಾರ್. ಅಂಗಡೀಲಿ ಸೀರೆ ವಾಪಸ್ ಕೊಟ್ಟ ಹಾಗೆ ಆಗಲ್ಲ."

"ಆ ಪಂಚನಾಮೆಗಳು... ಅವೆಲ್ಲ ಕೋರ್ಟಿಗೆ ಹೋಗತ್ತಾ?"

"ಒಂದಕ್ಷರ ಬಿಡದೆ."

ಅಧ್ಯಕ್ಷರು, "ಹಾಗಾದ್ರೆ ಆ ಅಟೆಂಡರ್‌ನ ನಾಳೆನೇ ಹಿಡಿದು ಮುಗಿಸಿ," ಎಂದು ಎದ್ದುಹೋದರು.

ಮೇಡಂ ಟೇಪಣ್ಣನನ್ನು ಕರೆದು ಮೂರು ಪಂಚನಾಮೆಗಳನ್ನೂ ಮೇಜಿನ ಮೇಲೆ ಹರಡಿದರು. ಕಳ್ಳ ಪುಟಗಳನ್ನು ಅಡಗಿಸಿಲ್ಲ. ಪೊಲೀಸರು ಬಂದು ಜಾಗವನ್ನು ಅಳೆದು, ಸಾಕ್ಷಿಗಳ ಸಹಿಯೊಂದಿಗೆ ಬರೆದುಕೊಂಡು ಹೋಗಲೆಂದೇ ಅಂಟಿಸುತ್ತಿದ್ದಾನೆ. ಅರ್ಜಿಯನ್ನು ಮೂಲೆಗೆ ತಳ್ಳಬಹುದು, ಪಂಚನಾಮೆಯನ್ನು ತಳ್ಳಲಾಗದು.

"ನೀವು ಹೀಗೆ ಬರೀತೀರಿ ಅಂತ ಹೊರಗಿನವರಲ್ಲಿ ಯಾರಿಗೆ ಗೊತ್ತು?"

ಟೇಪಣ್ಣ ತಲೆ ಕೆರೆದುಕೊಂಡರು. "ಹೋದ ವರ್ಷ ಪುರಸಭೆ ದಾಖಲೆ ಕೋಣೆ ಫ್ಯಾನು ಕಳುವಾಗಿತ್ತು ಮೇಡಂ. ಅವತ್ತು ಗುಮಾಸ್ತರೇ ಪಂಚರು. ಮೂರು ಗಂಟೆ ನಿಂತಿದ್ರು, ಒಂದು ಸಲಾನೂ ಗಡಿಯಾರ ನೋಡ್ಲಿಲ್ಲ. ಕೊನೆಗೆ, 'ಬರೆಯೋದು ಅಂದ್ರೆ ಹೀಗೆ ಬರೀಬೇಕು' ಅಂದ್ರು." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು. ಇಡೀ ಸರ್ವೀಸಿನಲ್ಲಿ ಅವರ ಪಂಚನಾಮೆಯನ್ನು ಹೊಗಳಿದ ಒಬ್ಬನೇ ಮನುಷ್ಯ.

ಶುಕ್ರವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೇಡಂ ದಾಖಲೆ ಕೋಣೆಗೆ ಹೋದರು. ಕೀಲಿಯಕ್ಕ ಅಳುತ್ತಿದ್ದರು. ಬೆಳಿಗ್ಗೆಯೇ ಯಾರೋ ಬಂದು, ಬಟ್ಟೆ ಕಟ್ಟಿಕೊಂಡು ಸಿದ್ಧವಾಗಿರು ಎಂದು ಹೇಳಿ ಹೋಗಿದ್ದರು. ಗುಮಾಸ್ತರು ತಲೆ ತಗ್ಗಿಸಿ ಏನನ್ನೋ ಬರೆಯುತ್ತಿದ್ದರು.

"ಅಕ್ಕ, ಅಳಬೇಡಿ. ಅಧ್ಯಕ್ಷರು ನಿಮ್ಮನ್ನ ಇವತ್ತೇ ಹಿಡೀರಿ ಅಂತಿದ್ದಾರೆ," ಎಂದು ಮೇಡಂ ಹೇಳಿದ್ದು ಕೀಲಿಯಕ್ಕನಿಗೆ, ನೋಡಿದ್ದು ಗುಮಾಸ್ತರನ್ನು. "ಕೀಲಿ ಇವರದ್ದು. ಬೇರೆಯವರು ಮುಂದೆ ಬರೋವರೆಗೂ ಕಾಗದದ ಮೇಲೆ ಇವರೇ ಆರೋಪಿ."

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು.

"ಅವರನ್ನ ಬಿಡಿ ಮೇಡಂ. ಪುಸ್ತಕ ನನ್ನ ಮನೇಲಿದೆ. ಇನ್ನೂ ಎಂಟು ಪುಟ. ಒಂದೂ ಮುಕ್ಕಾಗಿಲ್ಲ."

ಕೀಲಿಯಕ್ಕ ಅಳು ನಿಲ್ಲಿಸಿ ಅವರನ್ನೇ ದುರುಗುಟ್ಟಿ ನೋಡಿದರು. "ನಾಲ್ಕು ದಿನ ನಂಗೆ ಅನ್ನ ಸೇರಲಿಲ್ಲವಲ್ರೀ. ಎದುರಿಗೇ ಕೂತಿದ್ರಲ್ಲ!"

"ತಪ್ಪಾಯ್ತು ಅಕ್ಕ. ಎಲ್ಲ ಪುಟ ಮುಗಿಸಿ ನಾನೇ ಬರೋಣ ಅಂತಿದ್ದೆ," ಎಂದರು ಗುಮಾಸ್ತರು. ಅದು ಸಾಲದು ಎಂಬುದು ಅವರಿಗೂ ಗೊತ್ತಿತ್ತು.

ಎಂಟು ಪುಟಗಳ ಸಮೇತ ಪುಸ್ತಕ ಅವರ ಮನೆಯಲ್ಲೇ ಸಿಕ್ಕಿತು, ಶುಭ್ರ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬಂಧನ. ಅಮಾನತ್ತಿನ ಆದೇಶ ಒಂದು ಗಂಟೆಯೊಳಗೆ ಟೈಪಾಗಿ ಬಂತು. ಯಾವ ಅರ್ಜಿಗೂ ಪುರಸಭೆ ಅಷ್ಟು ಚುರುಕಾಗಿದ್ದು ಯಾರಿಗೂ ನೆನಪಿಲ್ಲ. ಎರಡು ತಿಂಗಳಲ್ಲಿ ಸಿಗಬೇಕಾಗಿದ್ದ ಪಿಂಚಣಿಯೂ ಅದರೊಂದಿಗೆ ತೂಗುಯ್ಯಾಲೆಗೆ ಬಿತ್ತು.

ಬಂಧನದ ಹಾಳೆಯಲ್ಲಿ ಒಂದು ಕಲಮು ಭರ್ತಿಯಾಗದೆ ಉಳಿದಿತ್ತು. "ಯಾರಿಗೆ ತಿಳಿಸಬೇಕು?" ಎಂದು ಮೇಡಂ ಕೇಳಿದರು.

"ಯಾರೂ ಇಲ್ಲ ಮೇಡಂ. ಒಬ್ಬಳು ಅಕ್ಕ ಇದ್ದಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನ ಸಾಕಿ ಓದಿಸಿದವಳು. ಏಳನೇ ವಾರ್ಡಲ್ಲಿ ಇದ್ದಳು."

ಟೇಪಣ್ಣ ಬರೆಯುವುದನ್ನು ನಿಲ್ಲಿಸಿದರು.

"ಐದು ತಿಂಗಳ ಹಿಂದೆ, ಒಂದು ಬುಧವಾರ. ಹತ್ತೂ ನಲವತ್ತಕ್ಕೆ ಅವಳ ಪಕ್ಕದ ಮನೆಯವರು ಆಫೀಸಿಗೆ ಫೋನ್ ಮಾಡಿದ್ರು. ಎದೆ ನೋವು ಅಂತಿದ್ದಾಳೆ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಣವಾ ಅಂತ. ನಾನು ರಿಜಿಸ್ಟರ್ ತೆಗೆದು ನೋಡಿದೆ. 'ಏಳನೇ ವಾರ್ಡ್ ಉಪಕೇಂದ್ರ, ಪ್ರತಿದಿನ ಕಾರ್ಯನಿರ್ವಹಿಸುತ್ತಿದೆ.' ಅಧ್ಯಕ್ಷರ ಸಹಿ. ಅಷ್ಟು ದೂರ ಯಾಕೆ, ಎರಡು ಬೀದಿ ಆಚೆ ಇದೆ, ಅಲ್ಲಿಗೇ ಕರ್ಕೊಂಡು ಹೋಗಿ ಅಂದೆ. ಬೀಗ ಹಾಕಿದೆ ಅಂತ ಮತ್ತೆ ಫೋನ್ ಮಾಡಿದ್ರು. ಇಲ್ಲ ಇಲ್ಲ, ಬರ್ತಾರೆ, ಕಾಯಿರಿ ಅಂದೆ. ನಲವತ್ತು ನಿಮಿಷ ಆ ಮೆಟ್ಟಿಲ ಮೇಲೆ ಕಾದ್ರು ಮೇಡಂ. ಬೇರೆ ಕಡೆ ಹೋಗೋಣ ಅಂತ ಪಕ್ಕದವರು ಎಬ್ಬಿಸಿದ್ರೆ ಅಕ್ಕನೇ ಬೇಡ ಅಂದಳಂತೆ. ನನ್ನ ತಮ್ಮ ದಾಖಲೆ ನೋಡಿ ಹೇಳಿದ್ದಾನೆ, ಅವನು ತಪ್ಪು ಹೇಳಲ್ಲ ಅಂತ."

ಮೇಡಂ ನೀರಿನ ಲೋಟವನ್ನು ಅವರತ್ತ ಸರಿಸಿದರು.

"ಆಮೇಲೆ ಅರ್ಜಿ ಕೊಡಲಿಲ್ವಾ?"

"ಆರು ಕೊಟ್ಟೆ. ಆರರ ಮೇಲೂ 'ಕಡತದಲ್ಲಿಡಿ' ಅಂತ ಬರೆದು ವಾಪಸ್ ಬಂತು. ಕಡತ ಇಡೋನು ನಾನೇ. ನನ್ನ ಕೈಯಾರೆ ಇಟ್ಟೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ಬಂಧನ ಆದವನು ದೂರು ಕೊಡಬಹುದಾ?"

"ಕೊಡಬಹುದು."

ಅಂಗಿಯ ಜೇಬಿನಿಂದ ಮಡಚಿದ ಹಾಳೆಯೊಂದು ಹೊರಬಂತು. ಅದು ಅವರು ಬೆಳಿಗ್ಗೆ ಬರೆಯುತ್ತಿದ್ದ ಹಾಳೆ. ಬೀಗ ಹಾಕಿದ ಉಪಕೇಂದ್ರ ತೆರೆದಿದೆ ಎಂದು ಸುಳ್ಳು ದೃಢೀಕರಣ ಕೊಟ್ಟ ಬಗ್ಗೆ ದೂರು, ದಾಖಲೆಯ ಸಂಖ್ಯೆ ಮತ್ತು ತಾರೀಖಿನ ಸಮೇತ. ಮೊದಲನೇ ಆರೋಪಿ, ಪುರಸಭೆಯ ಅಧ್ಯಕ್ಷರು. ಅದರ ಕೆಳಗೆ ಎರಡನೇ ಆರೋಪಿಯ ಹೆಸರು. ಮೇಡಂ ಓದಿ ತಲೆಯೆತ್ತಿದರು.

"ಇದು ನಿಮ್ಮ ಹೆಸರಲ್ವಾ?"

"ಹೌದು. ಅಧ್ಯಕ್ಷರ ಸಹಿ ಕೆಳಗೆ 'ಪರಿಶೀಲಿಸಿದೆ' ಅಂತ ನಾನು ಸಹಿ ಹಾಕಿದ್ದೀನಿ. ಹೋಗಿ ನೋಡಿರಲಿಲ್ಲ."

"ಇದನ್ನ ಹೊಡೆದುಹಾಕಿ ಬೇರೆ ಬರೀಬಹುದು. ಇರೋ ಕೇಸಿನ ಮೇಲೆ ಇನ್ನೊಂದು ಯಾಕೆ?"

"ಬೇಡ ಮೇಡಂ. ಹಾಗೇ ಇರಲಿ."

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಎರಡನೇ ಎಫ್‌ಐಆರ್ ದಾಖಲಾಯಿತು. ವಿಚಾರಣೆಯ ನೋಟಿಸು ಸಾಮಾನ್ಯ ಸಭೆ ನಡೆಯುತ್ತಿದ್ದಾಗಲೇ ಅಧ್ಯಕ್ಷರ ಕೈ ಸೇರಲಿತ್ತು. ಠಾಣೆಯಲ್ಲಿ ಮೇಡಂ ಎರಡೂ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಓದಿ ಹೇಳಿದರು. ದೂರುದಾರರು ಕೇಳಿಸಿಕೊಂಡು, ಸರಿಯಿದೆ ಎಂದು ಸಹಿ ಹಾಕಿದರು.