ಅಜ್ಜಿಯ ಪೆಟ್ಟಿಗೆಯಿಂದ

ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಪೆಟ್ಟಿಗೆ ಹರಿದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಗಂಜಿ, ಸ್ವಲ್ಪ ಹೊಗೆ. ಚೇತನಾಳಿಗೆ ಅದು ಬಾಲ್ಯದ ವಾಸನೆ. ಶಾಲೆಯಿಂದ ಬಂದವಳು ಅಜ್ಜಿ ಪಟಾಲಮ್ಮನ ಇಸ್ತ್ರಿ ಗಾಡಿಯ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ತಲೆಯ ಮೇಲೆ ಹಿತ್ತಾಳೆ ಪೆಟ್ಟಿಗೆ ಸರ್ ಎಂದು ಓಡಾಡುತ್ತಿತ್ತು.

ಈಗ ಅಜ್ಜಿ ಇಲ್ಲ. ಪೆಟ್ಟಿಗೆ ಇದೆ. ಆ ಬೆಳಿಗ್ಗೆ ಕುರುಬರಹಳ್ಳಿಯ ಹೊಂಗೆ ಮರದ ಕೆಳಗೆ ಅಪ್ಪ ಮುನಿರಾಮಯ್ಯ ಅದನ್ನೇ ಓಡಿಸುತ್ತಿದ್ದರು. ಚೇತನಾ ಮಡಿಸಿದ ಬಟ್ಟೆಗೆ ಚೀಟಿ ಸಿಕ್ಕಿಸುತ್ತಿದ್ದಳು.

ಸ್ಕೂಟರ್ ಒಂದು ಬಂದು ನಿಂತಿತು. ಹೆಲ್ಮೆಟ್ ತೆಗೆದವನನ್ನು ನೋಡಿ ಅವಳ ಕೈಯ ಚೀಟಿ ಜಾರಿತು.

ಭೈರೇಶ್...

ಎಂಟು ತಿಂಗಳಿಂದ ದಿನವೂ ಮೆಸೇಜ್ ಮಾಡುತ್ತಿದ್ದವನು. ಅವಳು ಅವನ ಫೋಟೋ ನೋಡಿದ್ದಳು. ಅವನು ಅವಳ ಮುಖ ನೋಡಿರಲಿಲ್ಲ.

"ಯಜಮಾನ್ರೇ, ಮೊನ್ನೆ ನಮ್ಮಪ್ಪ ಒಂದು ರೇಷ್ಮೆ ಸೀರೆ ಕೊಟ್ಟಿದ್ರಲ್ಲ, ಹಲಸಿನ ತೊಳೆ ಬಣ್ಣದ್ದು. ಎಲ್ಲಿ ಅದು?"

"ಕೆಂಪಯ್ಯನೋರ ಮನೇದಾ? ಮನೇಲಿ ಜೋಪಾನವಾಗಿ ಇಟ್ಟಿದೀನಿ ಸಾರ್. ನಾಳೆ ಅಮ್ಮಾವ್ರ ವರ್ಷದ ಎಡೆ ಅಲ್ವಾ? ಅದಕ್ಕೇ ಕೊನೇಲಿ ನಿಧಾನವಾಗಿ ಮಾಡೋಣ ಅಂತ."

"ಜೋಪಾನವಾಗಿದ್ರೆ ಇದೇನು?"

ಅವನು ಫೋನು ಚಾಚಿದ. ಚೇತನಾಳಿಗೆ ನೋಡದೆಯೇ ಗೊತ್ತಾಯಿತು.

ಅದು ಅವಳ ಪುಟ. ಹೆಸರು 'ಅಜ್ಜಿಯ ಪೆಟ್ಟಿಗೆ'. ಕತ್ತಿನಿಂದ ಕೆಳಗೆ ಮಾತ್ರ ಕಾಣುವ ಒಬ್ಬ ಹುಡುಗಿ, ವಾರಕ್ಕೆರಡು ಸೀರೆ, ಪ್ರತಿ ರೀಲ್ಸ್ ಕೆಳಗೂ ಒಂದೇ ಸಾಲು: 'ಅಜ್ಜಿಯ ಪೆಟ್ಟಿಗೆಯಿಂದ'. ಹದಿನೆಂಟು ಸಾವಿರ ಜನ ಅದನ್ನು ಸೀರೆ ತುಂಬಿದ ಮರದ ಪೆಟ್ಟಿಗೆ ಎಂದು ನಂಬಿದ್ದರು. ದೊಡ್ಡ ಮನೆ, ದೊಡ್ಡ ವಂಶ ಎಂದುಕೊಂಡಿದ್ದರು. ಅಜ್ಜಿಗೆ ಇದ್ದದ್ದು ಒಂದೇ ಪೆಟ್ಟಿಗೆ, ಅದರೊಳಗೆ ಇದ್ದದ್ದು ಕೆಂಡ. ಸೀರೆಗಳೆಲ್ಲ ಅದರ ಕೆಳಗೆ ಬಂದು ಹೋಗುವ ಗಿರಾಕಿಗಳವು.

ಮೊದಲ ಸಲ ಕನ್ನಡಿ ಮುಂದೆ ಎರಡೇ ನಿಮಿಷ ಉಟ್ಟಿದ್ದಳು. ಯಾರೋ 'ಎಷ್ಟು ಚೆಂದ' ಎಂದರು. ಆಮೇಲೆ ನಿಲ್ಲಿಸಲಾಗಲಿಲ್ಲ. ಸುಳ್ಳೇನೂ ಬರೆದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಭೈರೇಶ್ ಬೆರಳಿಂದ ಚಿತ್ರ ಹಿಗ್ಗಿಸಿದ. "ಸೆರಗಲ್ಲಿ ಹಸಿರು ಚುಕ್ಕೆ ಇದೆ ನೋಡಿ. ಚಿಕ್ಕವನಿದ್ದಾಗ ನಾನು ಊದಿನಕಡ್ಡಿ ತಾಗಿಸಿ ಸುಟ್ಟಿದ್ದೆ. ಹಳದಿ ದಾರ ಇರ್ಲಿಲ್ಲ ಅಂತ ಅಮ್ಮ ಹಸಿರು ದಾರದಲ್ಲೇ ಎಲೆ ಥರ ಹೊಲ್ದಿದ್ರು. ಇಂಥದ್ದು ಊರಲ್ಲಿ ಇನ್ನೊಂದಿರುತ್ತಾ? ಯಾರಿಗೆ ಉಡೋಕೆ ಕೊಟ್ರಿ?"

"ನಮ್ಮವ್ವ ಒಂದು ಮಾತು ಹೇಳೋಳು ಸಾರ್. ಗಿರಾಕಿ ಬಟ್ಟೆನ ಹೆಗಲ ಮೇಲೂ ಹಾಕ್ಕೋಬಾರ್ದು, ಮುಂಗೈ ಮೇಲೇ ಹೊರಬೇಕು ಅಂತ. ಮೂವತ್ತು ವರ್ಷದಿಂದ ನಾನು..."

ಮುನಿರಾಮಯ್ಯ ಕನ್ನಡಕ ಏರಿಸಿ ಫೋನಿಗೆ ಬಗ್ಗಿದರು. ಮಾತು ಅಲ್ಲೇ ನಿಂತಿತು.

ಸೆರಗು ಹಿಡಿದ ಕೈಯ ಮಣಿಕಟ್ಟಿನಲ್ಲಿ, ಬಳೆಗಳ ನಡುವೆ, ಒಂದು ಸುಟ್ಟ ಗುರುತು. ಹೋದ ವಾರ ಅದಕ್ಕೆ ಜೇನುತುಪ್ಪ ಹಚ್ಚಿದ್ದು ಅವರೇ.

ಚೇತನಾ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. ಹೇಳು... ಈಗಲೇ ಹೇಳು...

"ತಪ್ಪು ನಂದೇ ಸಾರ್," ಎಂದರು ಮುನಿರಾಮಯ್ಯ. "ನಾಳೆ ಬೆಳಿಗ್ಗೆ ಸೀರೆ ನಿಮ್ಮನೇಲಿರುತ್ತೆ. ಅಷ್ಟು ಮಾತ್ರ ನಂಬಿ."

"ನಂಬಿಕೆ ವಿಷ್ಯ ನೀವು ಮಾತಾಡ್ಬೇಡಿ."

ಸ್ಕೂಟರ್ ಹೋಯಿತು. ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಗಿರಾಕಿ ತನ್ನ ಬಟ್ಟೆ ಗಂಟನ್ನು ಮೆಲ್ಲಗೆ ಎತ್ತಿಕೊಂಡ. "ನಾಳೆ ಕೊಡ್ತೀನಿ ಬಿಡು ಮುನಿರಾಮಣ್ಣ."

ನಾಳೆ ಅವನು ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಮುನಿರಾಮಯ್ಯ ಬೈಯಲಿಲ್ಲ. ಎರಡು ಅಂಗಿ ಮುಗಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಸುಟ್ಟಿದ್ದು ಇನ್ನೂ ಉರಿಯುತ್ತಾ ಮಗಾ?"

ಚೇತನಾ ಗಾಡಿಯ ಕಾಲು ಹಿಡಿದು ಅಲ್ಲೇ ಕೂತಳು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಭೈರೇಶನ ಮೆಸೇಜ್ ಬಂತು. 'ಅಮ್ಮ ಹೋದ ದಿನದ ಬಗ್ಗೆ ಯಾರಿಗೂ ಹೇಳದೇ ಇದ್ದದ್ದನ್ನ ನಿಮಗೆ ಹೇಳಿದ್ದೆ. ನೀವು ಅವರ ಸೀರೆ ಉಟ್ಟು ಅಜ್ಜಿದು ಅಂದ್ರಿ. ನೀವು ಯಾರು?'

ನೀವು ಯಾರು... ಪುಟವನ್ನೇ ಅಳಿಸಿಬಿಡಬಹುದಿತ್ತು. ಒಂದು ಬಟನ್ ಸಾಕು. ಆ ಹುಡುಗಿ ಯಾರೆಂದು ಭೈರೇಶನಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಕಳ್ಳತನದ ಮಾತು ಮಾತ್ರ ಅಪ್ಪನ ಗಾಡಿಗೆ ಅಂಟಿಕೊಂಡು ಉಳಿಯುತ್ತಿತ್ತು.

ಅವಳು ಹಳೆಯ ರೀಲ್ಸ್ ಎಲ್ಲ ತೆಗೆದಳು. ಹಿತ್ತಾಳೆ ಪೆಟ್ಟಿಗೆಯ ಪಕ್ಕ ಕೂತು, ಮೊದಲ ಸಲ ಮುಖ ಕಾಣುವಂತೆ ಒಂದು ಫೋಟೋ ಹಾಕಿದಳು.

'ಇದು ನನ್ನ ಅಜ್ಜಿಯ ಪೆಟ್ಟಿಗೆ. ಸೀರೆಗಳು ನನ್ನವಲ್ಲ. ಇಸ್ತ್ರಿಗೆ ನಂಬಿ ಕೊಟ್ಟವರವು, ಕೇಳದೆ ಉಟ್ಟೆ. ನಮ್ಮಪ್ಪನಿಗೆ ಇದೇನೂ ಗೊತ್ತಿರಲಿಲ್ಲ. ನಾನು ಚೇತನಾ, ಕುರುಬರಹಳ್ಳಿ ಇಸ್ತ್ರಿ ಮುನಿರಾಮಯ್ಯನ ಮಗಳು.'

ಬೈಗುಳ ಬರತೊಡಗಿದವು. ಓದಿದಳು, ಎಲ್ಲವನ್ನೂ.

ಮರುದಿನ ಬೆಳಿಗ್ಗೆ ಸೀರೆಯನ್ನು ಮುಂಗೈಗಳ ಮೇಲೆ ಹೊತ್ತು ನಡೆದಳು. ಭೈರೇಶನ ಮನೆ ಮೂರು ಬೀದಿ ಆಚೆ. ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ತನ್ನ ಮೈಮೇಲೆ ತಮ್ಮ ಸೀರೆ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ಬಾಗಿಲು ತೆಗೆದವನು ಅವನೇ. ಹಿಂದೆ ಅವನ ಅಮ್ಮ ಅಕ್ಕಯ್ಯಮ್ಮನ ಫೋಟೋ, ಅದರ ಮುಂದೆ ಬಾಳೆ ಎಲೆ. ಚೇತನಾ ಹೊಸ್ತಿಲು ದಾಟಲಿಲ್ಲ.

"ಉಟ್ಟಿದ್ದು ನಾನು. ಅಪ್ಪಂಗೆ ಅಂದಿದ್ದನ್ನ ವಾಪಸ್ ತಗೊಳ್ಳಿ. ನಂಗೆ ಬೈಯಿರಿ."

"ನಿಮ್ಮ ಪೋಸ್ಟ್ ನೋಡಿ ಬೆಳಿಗ್ಗೇನೇ ಗಾಡಿ ಹತ್ರ ಹೋಗಿ ಕೈಮುಗಿದೆ. ನಿಮ್ಮಪ್ಪ ಟೀ ಕುಡಿಸಿ ಕಳ್ಸಿದ್ರು."

ಅವಳಿಗೆ ಇದು ಗೊತ್ತಿರಲಿಲ್ಲ. ಕಣ್ಣು ತುಂಬಿತು.

"ನಮ್ಮಮ್ಮಂದು ಅಂತ ಗೊತ್ತಿದ್ರೆ ಉಡ್ತಿದ್ರಾ?"

"ಇಲ್ಲ."

"ಬೇರೆಯವರ ಅಮ್ಮಂದಿರದ್ದಾದ್ರೆ ಪರವಾಗಿಲ್ವಾ?"

ತಲೆ ತಗ್ಗಿತು. "ನಿನ್ನೆಯಿಂದ ಅದೇ ನಾಚಿಕೆ... ಒಂದೊಂದು ಮನೆಗೂ ಹೋಗಿ ಹೇಳ್ತೀನಿ. ನಿಮ್ಮನೆ ಮೊದಲನೇದು."

ಭೈರೇಶ್ ಅವಳ ಮುಂಗೈ ಮೇಲಿನ ಸೀರೆ ನೋಡಿದ.

"ಮೆಸೇಜಲ್ಲಿ ಹೇಳ್ತಿದ್ದದ್ದೆಲ್ಲ?"

"ಸೀರೆ ಒಂದು ಬಿಟ್ಟು ಉಳಿದಿದ್ದೆಲ್ಲ ನಿಜ. ನೀವು ಅತ್ತ ದಿನ ನಾನೂ ಅತ್ತಿದ್ದು ನಿಜ. ನೀವು ಮಾಡಿದ ಬಸ್ಸಾರು ಕೆಟ್ಟಿದ್ದಕ್ಕೆ ನಕ್ಕಿದ್ದೂ ನಿಜ."

"ಮೂರು ಸಲ ಕೆಡ್ತು ಅದು." ಅವನ ತುಟಿ ಕೊಂಚ ಸಡಿಲಾಯಿತು. "ನಾನೋ, ಇವಳು ದೊಡ್ಡ ಮನೆ ಹುಡುಗಿ, ಮನಸಲ್ಲಿರೋದು ಹೇಳಿದ್ರೆ ನಗ್ತಾಳೇನೋ ಅಂತ ಎಂಟು ತಿಂಗಳು ಹೆದರ್ಕೊಂಡಿದ್ದೆ."

ಅವನೂ ಸೀರೆಯನ್ನು ಮುಂಗೈ ಮೇಲೇ ತೆಗೆದುಕೊಂಡ. ಎಲೆಯ ಪಕ್ಕ ಇಟ್ಟು, ಹಸಿರು ಚುಕ್ಕೆ ಮೇಲೆ ಕಾಣುವಂತೆ ಸೆರಗು ಸರಿಪಡಿಸಿದ. ಪೂಜೆ ಮುಗಿಯುವವರೆಗೂ ಚೇತನಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಹೋಗು ಎಂದು ಅವನು ಹೇಳಿರಲಿಲ್ಲ.

ಆಮೇಲೆ ಹೊರಗೆ ಬಂದು ನಿಂತ.

"ಎಡೆಗಿಟ್ಟ ಸೀರೆನ ಮನೆ ಹೆಣ್ಮಗಳು ಉಡ್ಬೇಕು ಅಂತಾರೆ. ನಮ್ಮನೇಲಿ ಯಾರೂ ಇಲ್ಲ."

ಅವಳು ಮೆಟ್ಟಿಲಿಂದ ತಲೆ ಎತ್ತಿದಳು.

"ಇವತ್ತು ಕೊಡಲ್ಲ. ಕೋಪ ಇನ್ನೂ ಇದೆ ನಂಗೆ. ಯಾವತ್ತಾದ್ರೂ... ನೀವೇ ಕೇಳಿ."

"ಕೇಳಿದ್ರೆ ಕೊಡ್ತೀರಾ?"

"ಕೇಳಿ ನೋಡಿ."

ಚೇತನಾ ಎದ್ದಳು. ಇನ್ನೂ ಎಷ್ಟೋ ಮನೆಗಳಿದ್ದವು.

"ಒಂದ್ನಿಮಿಷ," ಎಂದು ಅವನು ಒಳಗೆ ಹೋದ. ಎರಡು ಡಬ್ಬಿಯ ಕ್ಯಾರಿಯರ್ ಹಿಡಿದು ಬಂದ. ಎಡೆಯ ಊಟ. ಬಿಸಿ ಇನ್ನೂ ಆರಿರಲಿಲ್ಲ.

"ಮೇಲಿಂದು ನಿಮ್ಮಪ್ಪಂಗೆ."

ಕೆಳಗಿನದು ಯಾರಿಗೆಂದು ಹೇಳಲಿಲ್ಲ. ಅವಳ ಮಣಿಕಟ್ಟನ್ನು ಒಮ್ಮೆ ನೋಡಿದ. ಹೆಗಲ ಮೇಲಿದ್ದ ಟವಲ್ ತೆಗೆದು, ಸುಟ್ಟ ಜಾಗಕ್ಕೆ ತಾಗದಂತೆ ಡಬ್ಬಿಯ ಸುತ್ತ ಸುತ್ತಿ, ಅವಳ ಕೈಗಿಟ್ಟ.