ತಾಯಿ ಪುಸ್ತಕದ ಮೂರನೆಯ ಪುಟ

ಎರಡನೆಯ ಪುಟ ಮಗುಚಿದರೆ ಐದನೆಯ ಪುಟ ಬಂತು.

ಡಾಕ್ಟರಮ್ಮ ಹಿಂದೆ ಹೋಗಿ ಮತ್ತೊಮ್ಮೆ ಮಗುಚಿದರು. ಎರಡು — ಐದು. ನಡುವಿನ ಹಾಳೆ ಮಾಯ!

"ನನಗೆ ಬೇಕಿದ್ದದ್ದು ಆ ಒಂದೇ ಹಾಳೆ," ಎಂದರು. ದನಿ ಏರಲಿಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಏರುವುದಿಲ್ಲ.

ಅದು ಬಸುರಿಯರ ತಪಾಸಣೆಯ ಪುಸ್ತಕ. ಏಳು ವರ್ಷ ಹಳೆಯದು, ಆದರೂ ಗಟ್ಟಿಮುಟ್ಟು. ಉಳಿದ ಒಂದು ಹಾಳೆಯೂ ಅಲ್ಲಾಡುತ್ತಿರಲಿಲ್ಲ. ಅದರ ಒಡತಿ ಎರಡು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಳು. ಆಕೆಯ ಮಗಳು, ಆರು ವರ್ಷದ ಪುಟ್ಟಿ, ಪಕ್ಕದ ಕೋಣೆಯಲ್ಲಿ ನನ್ನೆದುರು ಕೂತಿದ್ದಳು. ಮಕ್ಕಳ ನೆನಪು, ಗಮನ ಅಳೆಯುವುದು ಈ ಆಸ್ಪತ್ರೆಯಲ್ಲಿ ನನ್ನ ಕೆಲಸ.

"ಚೆಂಡು, ಬಾಗಿಲು, ಬೆಕ್ಕು. ಎಲ್ಲಿ, ಹೇಳು?" ಎಂದೆ, ಕಾಗೆಯ ದನಿಯಲ್ಲಿ.

ಪುಟ್ಟಿ ಬಿದ್ದು ಬಿದ್ದು ನಕ್ಕಳು. "ಚೆಂಡು... ಆಮೇಲೆ... ಕಾಗೆ ಮಾಮ!"

ನಿನ್ನೆ ಇಪ್ಪತ್ತು ಸಲ ಹೇಳಿಕೊಟ್ಟಿದ್ದೆ. ಇವತ್ತು ಸ್ಲೇಟು ಒರೆಸಿದ ಹಾಗೆ. ಶಾಲೆಯವರು ಇದಕ್ಕೆ 'ಹಟ' ಎಂದು ಹೆಸರಿಟ್ಟಿದ್ದರು. ಶುಕ್ರವಾರದೊಳಗೆ ಡಾಕ್ಟರ ವರದಿ ಸಿಕ್ಕರೆ ಪಕ್ಕದಲ್ಲಿ ಕೂತು ಕಲಿಸುವ ಟೀಚರು; ಸಿಗದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಔಟ್. ಅಂದು ಗುರುವಾರ.

ಪುಟ್ಟಿಗೆ ಚಿತ್ರಗಳನ್ನು ಕೊಟ್ಟು ನಾನೂ ಈಚೆ ಕೋಣೆಗೆ ಬಂದೆ. ಡಾಕ್ಟರಮ್ಮ ಭೂತಗನ್ನಡಿಯನ್ನು ಕರೆಸಿದರು. ಹಿಂದೆ ಪೊಲೀಸರಿಗೆ ಬೆರಳಚ್ಚು ನೋಡಿಕೊಡುತ್ತಿದ್ದು, ಈಗ ನಮ್ಮ ಆಸ್ಪತ್ರೆಯ ದೂರು ವಿಭಾಗದಲ್ಲಿ ಕೂತಿರುವ ಹೆಂಗಸು ಅವರು. ಹೆಸರು ನಾವು ಬೆನ್ನ ಹಿಂದೆ ಇಟ್ಟದ್ದು. ಅವರಿಗೂ ಗೊತ್ತು.

"ಆ ಹಾಳೆಯಲ್ಲಿ ಏನಿರುತ್ತೆ?"

"ಮೊದಲ ತಪಾಸಣೆಯ ಪ್ರಶ್ನೆಗಳು. ಸಿಗರೇಟು, ಔಷಧಿ, ಕುಡಿತ. ತಾಯಿ ಕುಡಿದರೆ ಅದು ನೇರವಾಗಿ ಮಗುವಿಗೂ ಹೋಗುತ್ತೆ. ಬಸುರು ಅಂತ ಅವಳಿಗೇ ಗೊತ್ತಾಗೋ ಮೊದಲೇ ಮಿದುಳಿಗೆ ತಳಪಾಯ ಬಿದ್ದಿರುತ್ತೆ. ಪೆಟ್ಟು ಅಲ್ಲೇ ಬಿದ್ದಿರಬಹುದು."

"ಮಗು ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಕೆಲವು ಮಕ್ಕಳಲ್ಲಿ ಮಾತ್ರ. ಇವಳ ಮುಖದಲ್ಲಿ ಗುರುತು ಇಲ್ಲ. ಹಾಗಂತ ಮಿದುಳಿಗೆ ಏನೂ ಆಗಿಲ್ಲ ಅನ್ನೋಕಾಗಲ್ಲ. ಪರೀಕ್ಷೆಗಳೆಲ್ಲ ಪೆಟ್ಟು ಬಿದ್ದಿದೆ ಅಂತಲೇ ಹೇಳ್ತಿವೆ. ಆದ್ರೆ ತಾಯಿ ಕುಡಿದಿದ್ದು ಖಚಿತ ಆಗದೆ ನಾನು ಸಹಿ ಹಾಕೋಕಾಗಲ್ಲ. ಬರೆದ ನರ್ಸ್ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ."

ಸೋಮವಾರ ದಾಖಲೆ ಕೋಣೆಯ ಗುಮಾಸ್ತರು ಪುಸ್ತಕವನ್ನು ಪುಟ್ಟಿಯ ಅಪ್ಪನ ಕೈಗೆ ಕೊಟ್ಟಿದ್ದರು. ಅದು ಎರಡು ರಾತ್ರಿ ಮನೆಯಲ್ಲಿತ್ತು. ಬುಧವಾರ ನಮ್ಮ ಮೇಜಿಗೆ ಬಂತು. ನಮಗಿಂತ ಮೊದಲು ಮುಟ್ಟಿದವರು ಮೂವರೇ: ಗುಮಾಸ್ತರು, ಅಪ್ಪ, ಮನೆಯಲ್ಲಿದ್ದ ಅಜ್ಜಿ.

ಗುಮಾಸ್ತರು ಮೂಗಿನಲ್ಲೇ ಮಾತಾಡುವವರು. "ಏನ್ ಮೇಡಂ, ನನ್ ಮೇಲೇ ಅನುಮಾನಾನಾ? ನನ್ ಕೋಣೆಯಿಂದ ಇಲಿ ಕೂಡ ಸಹಿ ಹಾಕ್ದೆ ಆಚೆ ಹೋಗಲ್ಲ!"

"ಕೊಡುವಾಗ ಪುಟ ಎಣಿಸಿದ್ರಾ?" ಎಂದರು ಭೂತಗನ್ನಡಿ.

"ಹದಿನಾರು. ರಿಜಿಸ್ಟರ್‌ನಲ್ಲಿ ಬರ್ದಿದೀನಿ ನೋಡಿ."

"ಹಾಗಾದ್ರೆ ಅದೇ ವರ್ಷದ ಇನ್ನೊಂದು ಪುಸ್ತಕ ಕೊಡಿ. ಸಹಿ ಹಾಕ್ತೀನಿ, ಹೆದರ್ಬೇಡಿ."

ಅಪ್ಪ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಕೂತಲ್ಲಿ ಕೂರಲಾರ. "ನಾನ್ಯಾಕೆ ಹರೀಲಿ ಮೇಡಂ? ವರದಿಗೆ ಅಲೆದಾಡ್ತಿರೋದೇ ನಾನು."

"ಹೆಂಡತಿ ಕುಡೀತಿದ್ರಾ?"

"ಹೋಟೆಲಲ್ಲಿ ಹಾಡ್ತಿದ್ಲು. ನಾನಿದ್ದಾಗ ಅಪರೂಪಕ್ಕೆ ಒಂದು ಗ್ಲಾಸು. ಬಸುರಿನ ಆ ಮೊದಲ ನಾಲ್ಕು ತಿಂಗಳು ನಾನು ನೀರ ಮೇಲಿದ್ದೆ... ನನಗ್ಹೇಗೆ ಗೊತ್ತಾಗಬೇಕು?"

"ಆಗ ಅವರ ಜೊತೆ ಯಾರಿದ್ರು?"

"ಅತ್ತೆ."

ಅತ್ತೆ, ಅಂದರೆ ಪುಟ್ಟಿಯ ಅಜ್ಜಿ, ಮೂಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಲವತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿದವರು. ಮಡಿಲಲ್ಲಿ ಕೈಚೀಲ.

"ನನ್ ಮಗಳು ಅದನ್ನ ಮೂಸಿ ಕೂಡ ನೋಡಿರ್ಲಿಲ್ಲ," ಎಂದರು. "ಸತ್ತವಳ ಮೇಲೆ ಗೂಬೆ ಕೂರಿಸ್ಬೇಡಿ."

ಅಳಿಯ ತಲೆಯೆತ್ತಿ ನೋಡಿದ.

ಭೂತಗನ್ನಡಿ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿಡಿಸಿಟ್ಟರು.

"ನಾವೆಲ್ಲ ಹೋಗಿರೋದನ್ನೇ ನೋಡ್ತಾ ಕೂತ್ವಿ. ಬಂದಿರೋದನ್ನ ನೋಡ್ಲಿಲ್ಲ. ಗುಮಾಸ್ತರೇ, ಈ ಪುಸ್ತಕಗಳಿಗೆ ನಡುವೆ ಏನು ಹಾಕ್ತಾರೆ?"

"ಪಿನ್ನು. ಎರಡು ಪಿನ್ನು."

"ಇನ್ನೊಂದರಲ್ಲಿ ಪಿನ್ನೇ ಇದೆ, ತುಕ್ಕು ಹಿಡಿದಿದೆ. ಇದರಲ್ಲಿ?"

ನಾನು ಬಗ್ಗಿ ನೋಡಿದೆ. ನಡುವೆ ಬಿಳಿ ದಾರ! ಒಂದೇ ಅಳತೆಯ ಪುಟ್ಟ ಹೊಲಿಗೆಗಳು. ನಿನ್ನೆಯಿಂದ ಹತ್ತು ಸಲ ಕೈಯಾಡಿಸಿದ್ದೆ, ಕಂಡಿರಲಿಲ್ಲ.

"ಕದಿಯೋರು ಹರೀತಾರೆ, ಇಲ್ಲಾ ಬ್ಲೇಡು ಹಾಕ್ತಾರೆ. ಇವರು ಪಿನ್ನು ತೆಗೆದು, ಹಾಳೆ ಕತ್ತರಿಸಿ, ಉಳಿದದ್ದು ಸಡಿಲ ಆಗುತ್ತೆ ಅಂತ ಕೂತು ಹೊಲಿದಿದ್ದಾರೆ. ಕೆಲಸ ಅರೆಬರೆ ಬಿಡೋದು ಈ ಕೈಗೆ ಒಗ್ಗಲ್ಲ. ಕತ್ತರಿಸಿದ ಕಡೆ ನೋಡಿ, ಬೆರಳಗಲ ಅಂಚು ಬಿಟ್ಟಿದ್ದಾರೆ." ಅವರು ಮೆಲ್ಲಗೆ ತಿರುಗಿದರು. "ಅಂಚು ಯಾಕೆ ಬಿಡ್ತಾರೆ, ಅಮ್ಮಾ?"

ಅಜ್ಜಿಯ ಬಾಯಿಂದ ಉತ್ತರ ತಾನಾಗಿ ಬಂತು. "ಬಿಚ್ಚಿ ಮತ್ತೆ ಹೊಲಿಯೋಕೆ."

ಅಳಿಯ ಅವರೆಡೆಗೆ ತಿರುಗಿದ.

"ಅತ್ತೇ, ನೀವಾ?"

"ಏನ್ ಮಾಡ್ಲಿ ಅಳಿಯಂದ್ರೇ! ಪುಟ್ಟಿ ದೊಡ್ಡೋಳಾಗಿ ಓದ್ತಾಳೆ... ನಮ್ಮಮ್ಮನೇ ನನ್ನ ಹೀಗ್ ಮಾಡಿದ್ದು ಅಂತಾಳೆ. ಇಲ್ಲ ಅನ್ನೋಕೆ ಅವಳಿದ್ದಾಳಾ?"

"ಸುಡಲಿಲ್ಲ ಯಾಕೆ?" ಭೂತಗನ್ನಡಿ ಕೇಳಿದರು.

"ಅವಳ ಸಹಿ ಇತ್ತು."

ಅಜ್ಜಿ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದರು. ಆ ಚೀಲದ್ದೇ ಒಳಬಟ್ಟೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಒಳಗಿಂದ ನಾಲ್ಕು ಮಡಿಕೆಯ ಹಾಳೆ ಬಂತು.

ಮೂರನೆಯ ಪುಟದಲ್ಲಿ ಕುಡಿತದ ಮುಂದೆ 'ಹೌದು'. ಕೆಳಗೆ ಸಹಿ.

"ಇದರ ಹಿಂಬದಿ ಓದಿದ್ರಾ?" ಡಾಕ್ಟರಮ್ಮ ಹಾಳೆ ಮಗುಚಿದರು.

ಅಜ್ಜಿ ತಲೆಯಲ್ಲಾಡಿಸಿದರು. "ಆ ಹೌದು ನೋಡಿದ್ಮೇಲೆ ಕಣ್ಣು ಮುಂದಕ್ಕೆ ಹೋಗ್ಲಿಲ್ಲ."

ಡಾಕ್ಟರಮ್ಮ ಗಟ್ಟಿಯಾಗಿ ಓದಿದರು. ನರ್ಸಿನ ಅವಸರದ ಅಕ್ಷರ:

"ಏಳನೆಯ ವಾರದವರೆಗೆ ಬಸುರೆಂದು ತಿಳಿದಿರಲಿಲ್ಲ. ಹಾಡಿದ ಸಂಜೆಗಳಲ್ಲಿ ಮೂರು-ನಾಲ್ಕು ಗ್ಲಾಸ್. ತಿಳಿದ ದಿನವೇ ಬಿಟ್ಟಿದ್ದಾರೆ. ನಾನು ಕೇಳುವ ಮೊದಲೇ ತಾವಾಗಿ ಹೇಳಿದರು. ಮಗುವಿಗೆ ಮುಂದೆ ಬೇಕಾದೀತು, ಒಂದೂ ಬಿಡದೆ ಬರೆದುಕೊಳ್ಳಿ ಎಂದರು."

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಅಜ್ಜಿ ಕೈಯಲ್ಲಿದ್ದ ಕತ್ತರಿಯನ್ನು ಚೀಲಕ್ಕೆ ಹಾಕಿದರು.

"ಗೊತ್ತಿಲ್ಲದೆ ಆಗಿದ್ದು, ಅಮ್ಮಾ," ಎಂದರು ಡಾಕ್ಟರಮ್ಮ. "ಆದದ್ದನ್ನ ಬಿಚ್ಚೋಕೆ ನನ್ನ ಕೈಲಾಗಲ್ಲ. ಆದ್ರೆ ಕಲಿಸೋ ರೀತಿ ಬದಲಾದ್ರೆ ಪುಟ್ಟಿ ಕಲೀತಾಳೆ. ಅದಕ್ಕೆ ದಾರಿ ಮಾಡಿಟ್ಟು ಹೋಗಿದ್ದು ಅವಳಮ್ಮನೇ." ಪೆನ್ನು ತೆಗೆದು ವರದಿಗೆ ಸಹಿ ಹಾಕಿದರು.

ಪಕ್ಕದ ಕೋಣೆಯಿಂದ ಪುಟ್ಟಿ ಕೂಗಿದಳು: "ಕಾಗೆ ಮಾಮ! ಬೆಕ್ಕು! ಬೆಕ್ಕೂ ಇತ್ತು!"

ಅಜ್ಜಿ ಚೀಲದಿಂದ ಸೂಜಿ ತೆಗೆದರು. ದಾರ ಪೋಣಿಸಲು ಮೂರು ಸಲ ನೋಡಿದರು, ಆಗಲಿಲ್ಲ. ಭೂತಗನ್ನಡಿ ಪೋಣಿಸಿಕೊಟ್ಟರು.

ಹಾಳೆಯನ್ನು ಪುಸ್ತಕಕ್ಕೆ ಮತ್ತೆ ಹೊಲಿಯಲು ಬಿಟ್ಟಿದ್ದ ಅಂಚು ಸರಿಯಾಗಿ ಸಾಕಾಯಿತು.