ಅಕ್ಕನ ಕಾರಿನ ಕೊನೆಯ ಪ್ಲಗ್

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದು ನಡೆದದ್ದು ಹಾಡಹಗಲಲ್ಲಿ, ನಮ್ಮ ಮನೆಯ ಶೆಡ್ಡಿನಲ್ಲಿ.

ಆ ಸ್ಪೋರ್ಟ್ಸ್ ಕಾರು ಮೊದಲು ಅಕ್ಕನದು. ಅಕ್ಕ ಎಂದರೆ ನನ್ನ ಗಂಡನ ತೀರಿಹೋದ ಮೊದಲ ಹೆಂಡತಿ. ಸತ್ತ ಸವತಿಯ ಮೇಲೆ ಹೊಟ್ಟೆಕಿಚ್ಚೇ ಎಂದು ನಗಬೇಡಿ. ಬದುಕಿರುವವಳ ಜೊತೆ ಜಗಳವಾದರೂ ಆಡಬಹುದು.

ಅಂದು ಇವರು ಸ್ಪಾರ್ಕ್ ಪ್ಲಗ್ ಬದಲಿಸುತ್ತಿದ್ದರು. ಉಳಿದವೆಲ್ಲ ಆಗಿದ್ದವು. ಎಂಜಿನ್ನಿನ ಹಿಂದೆ ಅಡಗಿದ್ದ ಕೊನೆಯದಕ್ಕೆ ಮಾತ್ರ ಕೈ ತೂರಲಿಲ್ಲ.

"ಅವಳಾಗಿದ್ರೆ ಕಣ್ಮುಚ್ಕೊಂಡು ಹಾಕ್ತಿದ್ಳು," ಎಂದರು.

"ಅವಳಿಗೇನು ಬೆರಳಲ್ಲಿ ಕಣ್ಣಿತ್ತಾ? ಸರೀರಿ ಆಚೆ."

ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆ ಹಿಡಿದು ಭುಜದವರೆಗೆ ಕೈ ಇಳಿಸಿದೆ. ವಾರದಿಂದ ಓಡದ ಎಂಜಿನ್ ತಣ್ಣಗಿತ್ತು. ಆ ಮೂಲೆ ಮಾತ್ರ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ, ಬೆಚ್ಚಗಿತ್ತು.

ಪ್ಲಗ್ ತೂತಿನೊಳಗಿನ ಥ್ರೆಡ್ಡಿಗೆ ಕೂರಲಿಲ್ಲ. ಹಟದಿಂದ ಒತ್ತಿ ತಿರುಗಿಸಿದೆ. ಆಗ ಕೊಳವೆ ನನ್ನ ಬೆರಳ ನಡುವೆ ತಾನಾಗಿಯೇ ಹಿಂದಕ್ಕೆ ತಿರುಗಿತು. ಟಕ್ ಎಂದು ಪ್ಲಗ್ ಜಾಗಕ್ಕೆ ಇಳಿಯಿತು. ಹೀಗೆ ಮೊದಲು ಹಿಂದಕ್ಕೆ ತಿರುಗಿಸಿ ಕೂರಿಸಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅದು ನಿಧಾನವಾಗಿ ಮುಂದಕ್ಕೆ ತಿರುಗತೊಡಗಿತು. ಬೆರಳು ಸಡಿಲಿಸಿದರೂ ಪೂರಾ ಬಿಗಿಯಾಗುವವರೆಗೆ ನಿಲ್ಲಲಿಲ್ಲ.

ಇವರು ಟಾರ್ಚ್ ಹಾಕಿ ಬಗ್ಗಿ ನೋಡಿದರು. "ಭೇಷ್ ಕಣೇ! ಅವಳಿಗಿಂತ ನೀನೇ ವಾಸಿ."

ಮದುವೆಯಾದಾಗಿನಿಂದ ಆ ಒಂದು ಮಾತಿಗೆ ಕಾದಿದ್ದೆ. ನಾನಲ್ಲ ಎನ್ನಲು ಬಾಯಿ ಬರಲಿಲ್ಲ. "ಹ್ಞೂಂ, ಮತ್ತೆ?" ಎಂದೆ.

ಕೈ ಇನ್ನೂ ಒಳಗೇ ಇತ್ತು. ಬೆರಳ ನಡುವೆ ಕೊಳವೆ ಮತ್ತೆ ಹಿಂದಕ್ಕೆ ತಿರುಗಲು ಶುರುವಾಯಿತು, ಪ್ಲಗ್ಗನ್ನು ಒಂದೊಂದೇ ಸುತ್ತು ಬಿಚ್ಚುತ್ತ.